ವಯನಾಡಿನ ಹಳೆಯ ಜೀಪುಗಳು

ವಯನಾಡು ಎಂದೊಡನೆ ನಮ್ಮವರಿಗೆ ಎಡಕ್ಕಲ್ ಗುಹೆಯ ಕೆತ್ತನೆಗಳು, ತಿರುನೆಲ್ಲಿಯ ದೇವಾಲಯ, ಪೂಕೋಡಿನ ಸರೋವರ ನೆನಪಾಗುತ್ತವೆ. ಇವುಗಳನ್ನು ಕುರಿತು ಬರೆದವರು ಅನೇಕರು. ಆದರೆ ಆ ನಾಡಿನ ಏರುತಗ್ಗುಗಳಲ್ಲಿ ಜನರನ್ನೂ ಸಾಮಾನನ್ನೂ ಹೊತ್ತು ಓಡಾಡುವ ಹಳೆಯ ಜೀಪುಗಳತ್ತ ಪ್ರವಾಸಿಗರ ಕಣ್ಣು ಹೊರಳುವುದು ಅಪರೂಪ. ಕಳೆದ ಬೇಸಗೆಯ ರಜೆಯಲ್ಲಿ ಮಾನಂದವಾಡಿಯ ಸುತ್ತಮುತ್ತ ಒಂದು ವಾರ ತಿರುಗಾಡುವ ಅವಕಾಶ ನನಗೆ ಒದಗಿತು. ಮಳೆಗಾಲಕ್ಕಾಗಿ ಜೀಪುಗಳನ್ನು ಸಜ್ಜುಗೊಳಿಸುವ ಕೆಲಸವನ್ನು ಆಗ ಹತ್ತಿರದಿಂದ ಕಂಡೆ. ಗುಡ್ಡೆಗಳ ನಡುವೆ ಬಾಳುವ ನಮ್ಮ ಗಡಿನಾಡಿನ ಕುಟುಂಬಗಳಿಗೂ ಅದು ಪ್ರಯೋಜನಕರವೆಂದು ತೋರಿದುದರಿಂದ ಈ ಬರಹ.

ಕಾಸರಗೋಡಿನಿಂದ ಹೊರಟವರು ತಲಶ್ಶೇರಿಯವರೆಗೆ ರೈಲಿನಲ್ಲಿ ಸಾಗಿ, ಅಲ್ಲಿಂದ ಬಸ್ಸು ಹಿಡಿದು ಕೂತುಪರಂಬ, ನೆಡುಂಪೊಯಿಲ್ ಮಾರ್ಗವಾಗಿ ಘಟ್ಟವನ್ನೇರಬಹುದು. ತಲಶ್ಶೇರಿಯಿಂದ ಮಾನಂದವಾಡಿಗೆ ಸುಮಾರು 80 ಕಿಲೋಮೀಟರ್. ಪೇರಿಯವನ್ನು ದಾಟುತ್ತಿದ್ದಂತೆ ಗಾಳಿ ತಂಪಾಗುತ್ತದೆ. ತಲಪ್ಪುಳದ ಸಮೀಪ ಚಹದ ತೋಟಗಳು ಕಣ್ಣಿಗೆ ಬೀಳುತ್ತವೆ. 1980ರ ನವೆಂಬರ್ 1ರಂದು ಜಿಲ್ಲೆಯಾದ ಈ ಪ್ರದೇಶ ಸಮುದ್ರಮಟ್ಟದಿಂದ 700 ಮೀಟರಿನಿಂದ 2,100 ಮೀಟರಿನವರೆಗಿನ ಎತ್ತರದಲ್ಲಿ ಹರಡಿದೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲೊಂದಾದ ಕಬಿನಿಯ ಹುಟ್ಟು ಇಲ್ಲಿಯೇ. ಇಲ್ಲಿ ಬಿದ್ದ ಮಳೆಯ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬಾವಲಿಯ ಹೊಳೆಯನ್ನು ದಾಟಿದರೆ ಹೆಗ್ಗಡದೇವನಕೋಟೆ ತಾಲೂಕು. ಕಾಡಂಚಿನ ಕಾಟ್ಟುನಾಯ್ಕರ ಮಾತಿಗೆ ಕಿವಿಗೊಟ್ಟವರಿಗೆ ಅದಕ್ಕೂ ಕನ್ನಡಕ್ಕೂ ಇರುವ ನೆಂಟಸ್ತಿಕೆ ತಿಳಿಯದೆ ಇರದು.

ಮುಖ್ಯ ರಸ್ತೆಗಳಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ. ಆದರೆ ರಸ್ತೆಯಿಂದ ಕವಲೊಡೆದು ಗುಡ್ಡವೇರುವ ಮಣ್ಣುದಾರಿಗಳ ಸಂಗತಿ ಬೇರೆ. ತೋಟದ ಪಾಡಿಗಳಿಂದ ಕೆಲಸಗಾರರನ್ನು ಕರೆತರುವುದು, ಕಾಫಿ, ಕರಿಮೆಣಸುಗಳ ಮೂಟೆಗಳನ್ನು ಪೇಟೆಗೆ ಮುಟ್ಟಿಸುವುದು, ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ತಲಪಿಸುವುದು - ಇವೆಲ್ಲ ಜೀಪಿನ ಪಾಲಿನ ಕೆಲಸ. ತೋಲ್ಪೆಟ್ಟಿ, ಮುತ್ತಂಗಗಳಲ್ಲಿ ಪ್ರವಾಸಿಗರನ್ನು ಅಭಯಾರಣ್ಯದೊಳಕ್ಕೆ ಕೊಂಡೊಯ್ಯುವುದೂ ಜೀಪೇ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದು ಸೇತುವೆ ಕೊಚ್ಚಿಹೋದಾಗ ಸೈನ್ಯದವರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರಂದು ಕಟ್ಟಿ ಮುಗಿಸಿದರು. ಆ ಕೆಸರಿನ ದಾರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿಯುಳ್ಳ ಸ್ಥಳೀಯರ ಜೀಪುಗಳು ಸಹ ದುಡಿದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನವನ್ನು ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಎತ್ತರದ ಮೂತಿಯ ಒಂದು ಮಾದರಿ ಅಮೆರಿಕದಲ್ಲಿ 1968ರಲ್ಲಿ ನಿಂತುಹೋಯಿತು. ನಮ್ಮಲ್ಲಿ ಅದರ ಸಂತತಿ ಮತ್ತೆ ಹಲವು ದಶಕಗಳ ಕಾಲ ಮುಂದುವರಿಯಿತು. ಅದರ ರಚನೆ ಸರಳ, ಕಬ್ಬಿಣ ದಪ್ಪ, ಬಿಚ್ಚಿ ಜೋಡಿಸಲಾಗದ ಭಾಗವೇ ಇಲ್ಲವೆನ್ನಬಹುದು. ಮೂವತ್ತು ವರ್ಷ ದಾಟಿದ ಜೀಪುಗಳೂ ಇಂದಿಗೂ ಗುಡ್ಡವೇರುವುದರ ಗುಟ್ಟು ಇದು. ಆದರೆ ಗುಟ್ಟಿನ ಅರ್ಧಭಾಗ ಮಾತ್ರ. ಉಳಿದರ್ಧ ಅದನ್ನು ನೋಡಿಕೊಳ್ಳುವ ಕೈಯಲ್ಲಿದೆ.

ಅಂತಹ ಒಂದು ಕೈಯ ಪರಿಚಯ ನನಗೆ ಮಾನಂದವಾಡಿಯಿಂದ ಬಾವಲಿಗೆ ಹೋಗುವ ದಾರಿಯ ಒಂದು ಚಿಕ್ಕ ಗ್ಯಾರೇಜಿನಲ್ಲಾಯಿತು. ಮೇಸ್ತ್ರಿಗಳು ಕೋಟೆಯ ಕಡೆಯಿಂದ ಬಂದು ನೆಲೆಸಿದವರು, ಅರುವತ್ತು ಸಮೀಪಿಸಿದ ಪ್ರಾಯ. ನಾನು ಕನ್ನಡದವನೆಂದು ತಿಳಿದೊಡನೆ ಸ್ಟೂಲೊಂದನ್ನು ಒರಸಿ ಮುಂದಿಟ್ಟರು. ಕೆಲಸದ ನಡುವೆಯೇ ಅವರು ಹೇಳಿದ ಒಂದು ಮಾತು ಹೀಗಿದೆ: “ಮೇಷ್ಟ್ರೇ, ಕೆಟ್ಟ ಮೇಲೆ ರಿಪೇರಿ ಮಾಡೋದು ನಮಗೆ ಲಾಭ. ಕೆಡೋಕೆ ಮುಂಚೆ ನೋಡ್ಕೊಳ್ಳೋದು ಗಾಡಿಯವನಿಗೆ ಲಾಭ. ಒಳಗೆ ಕೂತೋರಿಗೆ ಇನ್ನೂ ಲಾಭ.”

ಹಳೆಯ ಜೀಪಿನ ಮೊದಲ ಶತ್ರು ನೀರು ಎನ್ನುತ್ತಾರೆ ಅವರು. ಗುಡ್ಡವೇರಿ ಬಿಸಿಯಾದ ಜೀಪು ತಣ್ಣನೆಯ ತೋಡಿಗೆ ಇಳಿದಾಗ ಹೌಸಿಂಗಿನೊಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಗಾಳಿಯಾಡುವ ಸಣ್ಣ ರಂಧ್ರ ಕೆಸರಿನಿಂದ ಮುಚ್ಚಿದ್ದರೆ ಆ ಸೆಳೆತಕ್ಕೆ ಸವೆದ ಆಯಿಲ್ ಸೀಲಿನ ಮೂಲಕ ನೀರು ಒಳನುಗ್ಗುತ್ತದೆ. ನೀರು ಬೆರೆತ ಎಣ್ಣೆ ಹಾಲಿನ ಬಣ್ಣ ತಾಳಿ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಒಳಗಿನ ಹಲ್ಲುಗಳೂ ಬೇರಿಂಗುಗಳೂ ಸದ್ದಿಲ್ಲದೆ ಸವೆಯುತ್ತವೆ. ಆದುದರಿಂದ ಆಳದ ನೀರಿನಲ್ಲಿ ಇಳಿದು ಬಂದ ಜೀಪಿನ ಗೇರ್‌ಬಾಕ್ಸ್, ಹೌಸಿಂಗುಗಳ ಎಣ್ಣೆಯನ್ನು ಪರೀಕ್ಷಿಸಬೇಕು. ಬಣ್ಣ ಬದಲಾಗಿದ್ದರೆ ಹೊಸ ಎಣ್ಣೆ ಹಾಕಬೇಕು. ಕಮಾನುಪಟ್ಟಿಗಳ ತುದಿ, ಸ್ಟಿಯರಿಂಗಿನ ಕೀಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ - ಇಲ್ಲೆಲ್ಲ ಇರುವ ನಿಪ್ಪಲುಗಳಿಗೆ ಹಳೆಯ ಗ್ರೀಸು ಹೊರಬರುವಷ್ಟು ಹೊಸ ಗ್ರೀಸು ಒತ್ತಬೇಕು. ಗ್ರೀಸು ಸವೆತವನ್ನು ತಡೆಯುವುದಷ್ಟೇ ಅಲ್ಲ, ಒಳಸೇರಿದ ನೀರು, ಮಣ್ಣುಗಳನ್ನು ಹೊರದೂಡುತ್ತದೆ.

ಬ್ರೇಕಿನ ವಿಷಯದಲ್ಲಿ ಮೇಸ್ತ್ರಿಗಳು ಇನ್ನೂ ಕಟ್ಟುನಿಟ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಹೀರಿಕೊಳ್ಳುವ ವಸ್ತು. ತೇವ ಸೇರಿದಂತೆ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ತುಳಿಯುತ್ತಲೇ ಬಂದರೆ ಬಿಸಿಗೆ ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ; ಆಗ ಪೆಡಲು ನೆಲದವರೆಗೆ ಇಳಿದರೂ ಚಕ್ರ ನಿಲ್ಲದು. ಎಣ್ಣೆ ನೋಡುವುದಕ್ಕೆ ಚೆನ್ನಾಗಿಯೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಇದಕ್ಕಾಗಿ. ಮಳೆನಾಡಿನಲ್ಲಿ ವರ್ಷಕ್ಕೊಮ್ಮೆ ಬದಲಿಸಿದರೆ ಇನ್ನೂ ಕ್ಷೇಮ. ಹಳೆಯ ಮಾದರಿಯ ಹಲವು ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರವನ್ನು ನೇರವಾಗಿ ಹಿಡಿಯುವುದಿಲ್ಲ, ಗೇರ್‌ಬಾಕ್ಸಿನ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಸವೆದ ಕ್ರಾಸು ಮುರಿದು ಶಾಫ್ಟು ಕಳಚಿದರೆ ಹಿಂದಿನ ಚಕ್ರಗಳಿಗೆ ಆ ಹಿಡಿತವೂ ತಪ್ಪಿತು. ಚಿಕ್ಕದೊಂದು ಕ್ರಾಸಿನ ಮೇಲೆ ಎಷ್ಟು ಜೀವಗಳ ಭಾರವಿದೆಯೆಂದು ಆಗ ಮನವರಿಕೆಯಾಯಿತು. ಏರುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೂ ಅದೇ ಗೇರು ಎಂಬ ಹಳೆಯ ಚಾಲಕರ ನಿಯಮವೂ ಬ್ರೇಕನ್ನು ಕಾಯುವ ಉಪಾಯವೇ.

ಈ ಮಾತುಗಳು ವಯನಾಡಿನಲ್ಲಿ ಬರಿಯ ಉಪದೇಶವಲ್ಲ. 2023ರ ಆಗಸ್ಟ್ 25ರಂದು ತಲಪ್ಪುಳದ ಸಮೀಪದ ಕಣ್ಣೋತ್‌ಮಲದಲ್ಲಿ ಚಹದ ತೋಟದ ಕೆಲಸ ಮುಗಿಸಿ ಮರಳುತ್ತಿದ್ದವರ ಜೀಪು ಕಂದಕಕ್ಕೆ ಉರುಳಿ ಒಂಬತ್ತು ಮಂದಿ ಹೆಂಗಸರು ತೀರಿಕೊಂಡರು. ಆ ಅವಘಡದ ಕಾರಣವನ್ನು ನಿರ್ಣಯಿಸುವುದು ನನ್ನ ಕೆಲಸವಲ್ಲ. ಆದರೆ ಆ ರಸ್ತೆಯಲ್ಲಿ ಸಾಗುವಾಗ ಬಸ್ಸಿನ ಕಿಟಕಿಯಿಂದ ಆ ಇಳಿಜಾರನ್ನು ನೋಡಿದೆ. ದಿನದ ದುಡಿಮೆ ಮುಗಿಸಿ ಮನೆಯ ಕಡೆಗೆ ಹೊರಟವರನ್ನು ಹೊತ್ತ ವಾಹನದ ಮೇಲೆ ಎಷ್ಟು ಮನೆಗಳು ನಿಂತಿವೆ ಎಂಬುದನ್ನು ಅಲ್ಲಿ ಯಾರೂ ವಿವರಿಸಬೇಕಾಗಿಲ್ಲ.

ಗ್ಯಾರೇಜಿನಲ್ಲಿ ಆ ವಾರ ಒಂದು ಜೀಪಿನ ಇಂಜಿನನ್ನು ಪೂರ್ತಿಯಾಗಿ ಬಿಚ್ಚಿ ಓವರ್‌ಹಾಲ್ ಮಾಡುತ್ತಿದ್ದರು. ಬಿಚ್ಚುವ ಮೊದಲೇ ರೋಗನಿರ್ಣಯವಾಗಿತ್ತು. ನೀಲಿ ಹೊಗೆಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕರಿ ಹೊಗೆಯೆಂದರೆ ಡೀಸೆಲು ಹೆಚ್ಚು ಅಥವಾ ಗಾಳಿ ಕಡಿಮೆ. ಬಿಸಿಯೇರಿದ ಮೇಲೂ ಬಿಳಿ ಹೊಗೆ ನಿಲ್ಲದೆ ಹೋದರೆ ನೀರು ಒಳಸೇರುತ್ತಿರಬಹುದು. ಈ ಜೀಪಿನದು ನೀಲಿ ಹೊಗೆ. ಪಿಸ್ಟನ್ ರಿಂಗುಗಳೂ ಲೈನರುಗಳೂ ಸವೆದಿದ್ದವು. ಕಳಚಿದ ಭಾಗಗಳನ್ನು ತೊಳೆದು, ಕಳಚಿದ ಕ್ರಮದಲ್ಲಿಯೇ ಗೋಣಿಯ ಮೇಲೆ ಸಾಲಾಗಿ ಇರಿಸಿದ್ದರು. ಯಾವ ಬೇರಿಂಗಿನ ಮುಚ್ಚಳ ಯಾವುದೆಂದು ಗುರುತಿಟ್ಟಿದ್ದರು. ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸುವಂತಿಲ್ಲ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಹಲವು ಸುತ್ತಿನಲ್ಲಿ, ಅಳತೆಯ ಸ್ಪ್ಯಾನರಿನಿಂದಲೇ ಬಿಗಿದರು. ಹೊಸ ರಿಂಗು ಕೂರಿಸಿದ ಇಂಜಿನನ್ನು ಮೊದಲ 1,000 ಕಿಲೋಮೀಟರ್ ಭಾರವಿಲ್ಲದೆ ಮೆಲ್ಲಗೆ ಓಡಿಸಿ, ಬೇಗನೆ ಆಯಿಲ್ ಬದಲಿಸಬೇಕಂತೆ.

“ಬಣ್ಣ ಯಾವಾಗ ಬಳಿಯುತ್ತೀರಿ?” ಎಂದು ಕೇಳಿದೆ. ಅವರು ನಕ್ಕರು: “ಎತ್ತಿನ ಕೊಂಬಿಗೆ ಬಣ್ಣ ಬಳಿದ್ರೆ ಪ್ರಾಯ ಬರುತ್ತಾ ಮೇಷ್ಟ್ರೇ? ಮೊದಲು ಚಾಸಿ ನೋಡ್ಬೇಕು.” ಚಾಸಿಯ ಉದ್ದದ ತೊಲೆಗಳೊಳಗೆ ಕೆಸರು ಕುಳಿತು ವರ್ಷಗಟ್ಟಲೆ ತೇವ ಹಿಡಿದು ಒಳಗಿನಿಂದ ತುಕ್ಕು ತಿನ್ನುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಬ್ಬಿಣದ ಸದ್ದು ಬೇರೆ, ಟೊಳ್ಳಿನ ಸದ್ದು ಬೇರೆ. ಚಾಸಿಯೇ ಹೋಗಿದ್ದರೆ ಇಂಜಿನಿಗೆ ಹಣ ಸುರಿಯಬಾರದೆಂದು ಗಿರಾಕಿಗೆ ನೇರವಾಗಿ ಹೇಳಿಬಿಡುತ್ತಾರೆ. ಸ್ವಂತ ಬಳಕೆಯ ವಾಹನದ ನೋಂದಣಿಯನ್ನು 15 ವರ್ಷ ತುಂಬಿದ ಮೇಲೆ ಪರೀಕ್ಷೆಗೆ ಒಡ್ಡಿ 5 ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮವಿದೆ. ಆದರೆ ಆ ಒಂದು ದಿನದ ಪರೀಕ್ಷೆ ಉಳಿದ ದಿನಗಳ ಎಚ್ಚರಕ್ಕೆ ಬದಲಿಯಾಗಲಾರದು.

ಶಿಕ್ಷಕನಾದ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಅಲ್ಲಿಗೆ ಬರುತ್ತಿದ್ದ ಓರ್ವ ಚಾಲಕನ ನೋಟುಪುಸ್ತಕ. ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟವನಂತೆ. ಆದರೆ ತಾರೀಕು, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ಕೊಟ್ಟ ಹಣ - ನಾಲ್ಕು ಗೆರೆ ಎಳೆದು ಹನ್ನೊಂದು ವರ್ಷದಿಂದ ತಪ್ಪದೆ ಬರೆದಿದ್ದಾನೆ. ಯಾವ ಭಾಗ ಎಷ್ಟು ಕಾಲ ಬಾಳುತ್ತದೆಂದು ಅವನು ಊಹಿಸಬೇಕಾಗಿಲ್ಲ. ಪುಟ ತಿರುವಿದರೆ ಸಾಕು. ಬೆಳಗ್ಗೆ ಚಾವಿ ತಿರುಗಿಸುವ ಮೊದಲು ಆಯಿಲ್, ನೀರು, ಬ್ರೇಕ್ ಆಯಿಲುಗಳ ಮಟ್ಟ ನೋಡುತ್ತಾನೆ. ರಾತ್ರಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ತೊಟ್ಟು ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಾನೆ. ಇದಕ್ಕೆ ತಗಲುವ ಸಮಯ ಐದು ನಿಮಿಷ, ಖರ್ಚು ಏನೂ ಇಲ್ಲ.

ನಮ್ಮ ಊರುಗಳಲ್ಲಿಯೂ ಅಡಿಕೆಯ ಮೂಟೆಯನ್ನು ಹೊತ್ತು, ಶಾಲೆಯ ಮಕ್ಕಳನ್ನು ತುಂಬಿಕೊಂಡು ಗುಡ್ಡೆ ಇಳಿಯುವ ಹಳೆಯ ಜೀಪುಗಳು ಇನ್ನೂ ಇವೆ. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುದನ್ನು ನಾವೆಲ್ಲ ಬಲ್ಲೆವು. ಆ ಹೊತ್ತಿಗೆ ಮನೆಯ ಜೀಪೂ ಒಮ್ಮೆ ಗ್ಯಾರೇಜಿಗೆ ಹೋಗಿ ಬ್ರೇಕು, ಕ್ರಾಸು, ಎಣ್ಣೆ, ಗ್ರೀಸುಗಳ ಪರೀಕ್ಷೆ ಮುಗಿಸಿ ಮರಳಿದ್ದರೆ ಮಳೆಗಾಲದ ಅರ್ಧ ಚಿಂತೆ ಕಳೆದಂತೆ. ನಿಮ್ಮ ಮನೆಯಲ್ಲಿ ಜೀಪು ಇಲ್ಲದಿರಬಹುದು. ಆದರೆ ನಿಮ್ಮ ಮಗು ಯಾರದೋ ಜೀಪಿನಲ್ಲಿ ಶಾಲೆಗೆ ಹೋಗುತ್ತಿರಬಹುದು. ಅದರ ಬ್ರೇಕನ್ನು ಕೊನೆಯ ಬಾರಿ ಯಾವಾಗ ಬಿಚ್ಚಿ ನೋಡಿದ್ದೀರಿ ಎಂದು ಚಾಲಕನನ್ನು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ತಾಯಿತಂದೆಗೂ ಇದೆ.