ಶಾಕ್ ಅಬ್ಸಾರ್ಬರೂ ಅಮ್ಮನ ಸೊಂಟವೂ

ಬೈಕಿನ ಹಿಂದೆ ಕೂತವರಿಗಷ್ಟೇ ಸರಿಯಾಗಿ ಗೊತ್ತಿರೋ ಒಂದು ಸದ್ದಿದೆ. ಹಂಪ್ ಇಳಿಯುವಾಗಲೋ ಗುಂಡಿಗೆ ಬಿದ್ದಾಗಲೋ ಸೀಟಿನ ಕೆಳಗಿನಿಂದ 'ಟಕ್' ಅಂತ ಬರುತ್ತಲ್ಲ, ಅದು. ಓಡಿಸೋನಿಗೆ ಬರೀ ಸದ್ದು. ಹಿಂದೆ ಕೂತವರಿಗೆ ಸೊಂಟದಲ್ಲಿ ಶುರುವಾಗಿ ಕತ್ತಿನ ತನಕ ಹೋಗೋ ಏಟು. ಹಿಂದಿನ ಶಾಕ್ ಪೂರ್ತಿ ಒಳಗೆ ಹೋಗಿ, ಇನ್ನು ಇಳಿಯೋಕೆ ಜಾಗವೇ ಇಲ್ಲದೆ ತಳ ಮುಟ್ಟಿದಾಗ ಬರೋ ಸದ್ದದು. ಅಲ್ಲಿಯ ತನಕ ಸ್ಪ್ರಿಂಗ್ ತಗೊಳ್ತಿದ್ದ ಹೊಡೆತ, ಅಲ್ಲಿಂದಾಚೆಗೆ ನೇರವಾಗಿ ಸೀಟಿಗೆ, ಸೀಟಿನಿಂದ ಬೆನ್ನುಮೂಳೆಗೆ.

ಈ 'ಟಕ್' ಬಗ್ಗೆ ನಾನು ಇಷ್ಟೊಂದು ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ಅಮ್ಮ. ಅವರ ಸೊಂಟದಲ್ಲಿ ಡಿಸ್ಕ್ ಒಂದು ಸ್ವಲ್ಪ ಜರುಗಿದೆ. ಡಾಕ್ಟರು ಹೇಳಿದ್ದು ಒಂದೇ ಮಾತು, "ಜರ್ಕ್ ಆಗಬಾರದು". ಆದರೆ ಶಿವಮೊಗ್ಗದಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದು ವರ್ಷವಾಯ್ತು. ಪ್ರತಿ ಭಾನುವಾರ ಅಕ್ಕನಿಗೆ ತಲೆ ಬಾಚಿ, ಒಂದು ತುತ್ತು ಉಣ್ಣಿಸಿ ಬರದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ. ಬಸ್ಸಲ್ಲಿ ಹೋಗೋಣ ಅಂದರೆ ಭಾನುವಾರ ಸೀಟು ಸಿಗೋದು ಕಷ್ಟ, ಸಿಕ್ಕರೂ ಹಿಂದಿನ ಸೀಟು. ಅದರಲ್ಲಿ ಕೂತು ಬರೋದಕ್ಕಿಂತ ನಡ್ಕೊಂಡು ಬರೋದು ವಾಸಿ :) ಉಳಿದಿದ್ದು ನನ್ನ ಸ್ಪ್ಲೆಂಡರ್. ಭದ್ರಾವತಿಯ ನ್ಯೂಟೌನಿಂದ ಹೊರಟು, ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ಹರಿಗೆ ದಾಟಿ ಶಿವಮೊಗ್ಗ ಸೇರೋದು. ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್ ದಾರಿ. ಅಷ್ಟರಲ್ಲಿ ನಾಲ್ಕೈದು ಸಲ 'ಟಕ್'. ಪ್ರತಿ ಸಲವೂ ನನ್ನ ಭುಜದ ಮೇಲಿನ ಅಮ್ಮನ ಕೈ ಬಿಗಿಯಾಗುತ್ತಿತ್ತು. ಬಾಯಿ ಬಿಟ್ಟು ಒಂದು ಮಾತೂ ಹೇಳ್ತಿರಲಿಲ್ಲ. ಹೇಳಿದರೆ ಎಲ್ಲಿ ಮುಂದಿನ ವಾರ ಕರ್ಕೊಂಡು ಹೋಗಲ್ವೋ ಅಂತ ಹೆದರಿಕೆ.

ಒಬ್ಬ ಮೆಕ್ಯಾನಿಕ್ ಗಾಡಿನ ಮುಟ್ಟಿಯೂ ನೋಡದೆ, "ಎರಡೂ ಶಾಕ್ ಹೊಸದು ಹಾಕ್ಸಿಬಿಡಿ ಸಾರ್" ಅಂದ. ಗ್ಯಾಸ್ ತುಂಬಿರೋದು ಹಾಕಿಸಿದರೆ ಮೆತ್ತಗೆ ತೇಲಿಕೊಂಡು ಹೋಗುತ್ತೆ ಅನ್ನೋ ಆಸೆಯನ್ನೂ ಹುಟ್ಟಿಸಿದ.

ಅದೇ ವಾರ ಮಿನೆಸೋಟದಲ್ಲಿರೋ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟೋ ಕಾಲ. ಅವನೊಂದು ಹಳೇ ಸ್ನೋಮೊಬೈಲ್ ಕೊಂಡಿದ್ದಾನೆ. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಉದ್ದನೆಯ ರಬ್ಬರ್ ಪಟ್ಟಿ. ಪೋಲಾರಿಸ್ ಕಂಪನಿ ಹುಟ್ಟಿದ್ದೇ ಆ ರಾಜ್ಯದ ರೋಸೋ ಅನ್ನೋ ಊರಲ್ಲಂತೆ, ಹಾಗಾಗಿ ಅಲ್ಲಿಯವರಿಗೆ ಇದು ನಮ್ಮ ಮೊಪೆಡ್ ಇದ್ದ ಹಾಗೆ. ನಾನು ನನ್ನ 'ಟಕ್' ಕಥೆ ಹೇಳಿದ್ದೇ ತಡ, "ಅಣ್ಣಾ, ನಂದೂ ಅದೇ ಗೋಳು" ಅಂದ. ಹಿಮದ ದಿಬ್ಬ ಹಾರಿ ಬಿದ್ದಾಗಲೆಲ್ಲ ಹಿಂದಿನ ಸಸ್ಪೆನ್ಷನ್ ತಳ ಹೊಡೀತಿತ್ತಂತೆ. ಆದರೆ ಅವನ ಗಾಡೀಲಿರೋದು ಏರ್ ಶಾಕ್. ಅದರಲ್ಲಿ ಸ್ಪ್ರಿಂಗೇ ಇಲ್ಲ, ಭಾರ ಹೊರೋದು ಗಾಳಿ. ಸಣ್ಣ ಕೈಪಂಪು ಹಿಡಿದು, ಐದೈದು ಪಿಎಸ್‌ಐ ಏರಿಸುತ್ತಾ, ಪ್ರತಿ ಸಲ ಒಂದು ಸುತ್ತು ಓಡಿಸಿ ನೋಡುತ್ತಾ ಸರಿ ಮಾಡ್ಕೊಂಡನಂತೆ.

ಅದರಲ್ಲಿ ಒಂದೆರಡು ಸ್ವಾರಸ್ಯಗಳಿವೆ. ಗಾಳಿ ತುಂಬುವಾಗ ಗಾಡಿಯ ಹಿಂಭಾಗ ಎತ್ತಿ ಭಾರ ಇಳಿಸಿರಬೇಕು. ಮನೆಯೊಳಗೆ ಬೆಚ್ಚಗೆ ನಿಲ್ಲಿಸಿ ತುಂಬಬಾರದು, ಹೊರಗೆ ಚಳೀಲಿ ಸ್ವಲ್ಪ ಹೊತ್ತು ನಿಂತ ಮೇಲೇ ತುಂಬಬೇಕು. ಯಾಕಂದ್ರೆ 20 ಡಿಗ್ರಿಯಲ್ಲಿ ತುಂಬಿದ 100 ಪಿಎಸ್‌ಐ, ಮೈನಸ್ 20 ಡಿಗ್ರಿಗೆ ಹೋದಾಗ ಹೆಚ್ಚುಕಮ್ಮಿ 84ಕ್ಕೆ ಇಳಿಯುತ್ತೆ. ಇನ್ನೊಂದು, ಶಾಕಿನೊಳಗಿನ ಜಾಗ ಎಷ್ಟು ಚಿಕ್ಕದಂದ್ರೆ, ಪಂಪಿನ ಪೈಪ್ ಸಿಕ್ಕಿಸಿದ ಕೂಡಲೇ ಆ ಪೈಪ್ ತುಂಬೋಕೇ ಒಂದಿಷ್ಟು ಗಾಳಿ ಖರ್ಚಾಗಿ ಮೀಟರ್ ಕಮ್ಮಿ ತೋರಿಸುತ್ತೆ. ಅದನ್ನು ನೋಡಿ ಲೀಕ್ ಇದೆ ಅಂತ ಗಾಬರಿಯಾಗೋರೇ ಜಾಸ್ತಿಯಂತೆ.

ಗಾಳಿಯ ದೊಡ್ಡ ಗುಣ ಇರೋದು ಕೊನೇಲಿ. ಗಾಳಿಯ ಜಾಗವನ್ನ ಅರ್ಧಕ್ಕೆ ಒತ್ತಿದರೆ ಒತ್ತಡ ಎರಡರಷ್ಟು, ಮತ್ತೆ ಅರ್ಧಕ್ಕೆ ಒತ್ತಿದರೆ ನಾಲ್ಕರಷ್ಟು. ಅಂದ್ರೆ ಶುರುವಿನಲ್ಲಿ ಮೆತ್ತಗೆ, ತಳ ಹತ್ತಿರ ಬಂದ ಹಾಗೆ ಗೋಡೆ ಥರ. ಬೆಂಗಳೂರಿಗೆ ಹೋಗೋ ಐರಾವತ ವೋಲ್ವೋ ಬಸ್ಸಿನಡಿ ಇರೋದೂ ಗಾಳಿಯ ರಬ್ಬರ್ ಚೀಲಗಳೇ. ಜನ ಹತ್ತಿದಷ್ಟೂ ಒಂದು ವಾಲ್ವ್ ಗಾಳಿ ಬಿಟ್ಟು ಬಸ್ಸಿನ ಎತ್ತರ ಒಂದೇ ಸಮ ಇಡುತ್ತೆ.

ಹಾಗಾದ್ರೆ ಗ್ಯಾಸ್ ಶಾಕ್ ಹಾಕಿಸಿದರೆ ನಮ್ಮ ಬೈಕೂ ಐರಾವತ ಆಗುತ್ತಾ? ಇಲ್ಲ! ಬೈಕುಗಳ ಗ್ಯಾಸ್ ಶಾಕಿನಲ್ಲಿ ಹೆಚ್ಚುಕಮ್ಮಿ ಎಲ್ಲ ಭಾರ ಹೊರೋದು ಹೊರಗಿನ ಸ್ಪ್ರಿಂಗೇ. ಒಳಗಿನ ನೈಟ್ರೋಜನ್ ಕೆಲಸ, ಎಣ್ಣೆ ನೊರೆಯಾಗದ ಹಾಗೆ ಒತ್ತಿ ಹಿಡಿಯೋದು. ಹೆಸರಲ್ಲಿ ಗ್ಯಾಸ್ ಇದ್ದ ಮಾತ್ರಕ್ಕೆ ಅದು ಗಾಳಿಯ ಮೇಲೆ ತೇಲಲ್ಲ.

ಹಾಗಿದ್ದರೆ ನಮ್ಮ ಪಂಪು ಯಾವುದು? ಸ್ಪ್ಲೆಂಡರಿನ ಹಿಂದಿನ ಶಾಕಿನ ಬುಡ ನೋಡಿ. ಸ್ಪ್ರಿಂಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದಿರೋ ಒಂದು ಉಂಗುರ ಇರುತ್ತೆ. ಐದು ಮೆಟ್ಟಿಲು. ಕೊಕ್ಕೆಯಂಥ ಸಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಪ್ರಿಂಗಿನ ಬುಡ ಮೇಲೇರಿ ಸ್ಪ್ರಿಂಗ್ ಮೊದಲೇ ಅಷ್ಟು ಒತ್ತಿಕೊಳ್ಳುತ್ತೆ. ನಮ್ಮದು ಎರಡನೇ ಮೆಟ್ಟಿಲಲ್ಲಿತ್ತು.

"ಸರಿ, ಸ್ಪ್ರಿಂಗ್ ಗಟ್ಟಿ ಮಾಡೋಣ" ಅಂತ ಸ್ಪ್ಯಾನರ್ ತಗೊಂಡೆ. ಪೇಪರ್ ಓದ್ತಿದ್ದ ಅಪ್ಪ ಕನ್ನಡಕ ಕೆಳಗಿಳಿಸಿದರು. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ಈ ಊರಲ್ಲಿ 1923ರಿಂದ, ಅದೂ ಮೊದಮೊದಲು ಮಲೆನಾಡಿನ ಇದ್ದಿಲಲ್ಲಿ, ಕಬ್ಬಿಣ ಕರಗಿದೆ. ಹಾಗಾಗಿ ಇಲ್ಲಿನ ಅಪ್ಪಂದಿರ ಮುಂದೆ ಲೋಹದ ಬಗ್ಗೆ ಬಾಯಿಗೆ ಬಂದಂತೆ ಮಾತಾಡೋ ಹಾಗಿಲ್ಲ!

"ಸ್ಪ್ರಿಂಗು ಗಟ್ಟಿಯಾಗಲ್ಲ ಕಣೋ. ತಂತಿ ಅದೇ, ಸುತ್ತು ಅಷ್ಟೇ. ಅದರ ಗುಣ ಹೇಗೆ ಬದಲಾಗುತ್ತೆ? ನೀನು ಅದು ಕೆಲಸ ಶುರು ಮಾಡೋ ಜಾಗ ಬದಲಾಯಿಸ್ತಿದೀಯ ಅಷ್ಟೇ. ಟೇಪ್ ತಗೊಂಬಾ."

ಅಳತೆ ಶುರುವಾಯ್ತು. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಗಾಳೀಲಿದ್ದಾಗ, ಆಕ್ಸಲ್ ಬೋಲ್ಟಿನಿಂದ ನೇರ ಮೇಲೆ ಸೀಟಿನ ಅಂಚಿಗೆ 43 ಸೆಂಟಿಮೀಟರ್. ಸ್ಟ್ಯಾಂಡ್ ತೆಗೆದು ನಾನೊಬ್ಬನೇ ಕೂತಾಗ 39.2. ಹಿಂದೆ ಅಮ್ಮ ಕೂತಾಗ 37. ಅಮ್ಮನ ತೂಕ 55 ಕೆ.ಜಿ. ಹಿಂದೆ ಕೂತವರು ಹೆಚ್ಚುಕಮ್ಮಿ ಹಿಂದಿನ ಚಕ್ರದ ನೆತ್ತಿಯ ಮೇಲೇ ಕೂತಿರ್ತಾರೆ, ಹಾಗಾಗಿ ಅವರ ಭಾರ ಬಹುಪಾಲು ಅಲ್ಲಿಗೇ. 55 ಕೆ.ಜಿ.ಗೆ 2.2 ಸೆಂಟಿಮೀಟರ್ ಇಳಿದರೆ, ಎರಡೂ ಶಾಕ್ ಸೇರಿ ಒಂದು ಸೆಂಟಿಮೀಟರಿಗೆ 25 ಕೆ.ಜಿ. ಅಪ್ಪ ಪೇಪರಿನ ಅಂಚಲ್ಲಿ ಬರೆದು ಸುತ್ತ ಗೀಟು ಹಾಕಿದರು.

ಒಟ್ಟು ಇಳಿಯೋ ಜಾಗ ಸುಮಾರು 8 ಸೆಂಟಿಮೀಟರ್ ಅಂತ ಇಟ್ಕೊಂಡರೆ, ನಾವಿಬ್ಬರು ಸುಮ್ಮನೆ ಕೂತಾಗಲೇ 6 ಖರ್ಚಾಗಿದೆ. ಗುಂಡಿಗೆ ಅಂತ ಉಳಿದಿದ್ದು ಬರೀ 2! ಪಾಪ, 'ಟಕ್' ಅನ್ನದೆ ಇನ್ನೇನು ಮಾಡೀತು...

ನಾಲ್ಕನೇ ಮೆಟ್ಟಿಲಿಗೆ ಏರಿಸಿದೆ. ಎರಡೂ ಕಡೆ ಒಂದೇ ಮೆಟ್ಟಿಲು, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಮ್ಮಿ ಮಾಡಲೇಬಾರದು. ಮತ್ತೆ ಅಮ್ಮನ್ನ ಕೂರಿಸಿ ಅಳೆದರೆ 38.2. ಗುಂಡಿಗೆ ಈಗ 3.2 ಸೆಂಟಿಮೀಟರ್ ಜಾಗ. ನೋಡೋಕೆ ಬೆರಳ ದಪ್ಪ, ಆದರೆ ಮೊದಲಿದ್ದುದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ತಳ ಮುಟ್ಟಿಸೋಕೆ ಈಗ ಇನ್ನೂ 30 ಕೆ.ಜಿ. ಬಲ ಹೆಚ್ಚಿಗೆ ಬೇಕು.

ಐದನೇ ಮೆಟ್ಟಿಲಿಗೇ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಚಕ್ರ ಕೆಳಗಿಳಿಯೋಕೂ ಸ್ವಲ್ಪ ಜಾಗ ಬೇಕಲ್ಲ! ಕೂತಾಗ ಗಾಡಿ ಕುಗ್ಗದೇ ಇದ್ದರೆ ಸಣ್ಣ ಸಣ್ಣ ಏರುಪೇರಿಗೂ ಚಕ್ರ ರಸ್ತೆ ಬಿಟ್ಟು ಕುಣಿಯುತ್ತೆ. ದೊಡ್ಡ 'ಟಕ್' ಹೋಗಿ ನೂರು ಸಣ್ಣ ಕುಲುಕಾಟ ಬಂದರೆ ಅಮ್ಮನ ಸೊಂಟಕ್ಕೇನು ಲಾಭ? ವಾರದ ದಿನ ನಾನೊಬ್ಬನೇ ಓಡಾಡುವಾಗ ವಾಪಸ್ ಎರಡಕ್ಕೇ ಇಳಿಸ್ತೀನಿ. ಶನಿವಾರ ರಾತ್ರಿ ನಾಲ್ಕಕ್ಕೆ. ಎರಡು ನಿಮಿಷದ ಕೆಲಸ. ಇನ್ನೊಂದು ಲಾಭ ಅಂದ್ರೆ, ಹಿಂದೆ ಭಾರ ಕೂತಾಗ ಆಕಾಶ ನೋಡ್ತಿದ್ದ ಹೆಡ್‌ಲೈಟು ಈಗ ರಸ್ತೆ ನೋಡ್ತಿದೆ.

ಇದನ್ನೆಲ್ಲ ಮಾಡೋ ಮುಂಚೆ ಶಾಕ್ ಬದುಕಿದೆಯಾ ಅಂತ ನೋಡ್ಕೋಬೇಕು. ರಾಡಿನ ಸುತ್ತ ಎಣ್ಣೆ ಜಿನುಗಿದ್ದರೆ, ಅಥವಾ ಸೀಟನ್ನ ಜೋರಾಗಿ ಒತ್ತಿ ಬಿಟ್ಟಾಗ ಒಂದು ಸಲ ಎದ್ದು ನಿಲ್ಲೋ ಬದಲು ಎರಡು ಮೂರು ಸಲ ಕುಣಿದರೆ, ಒಳಗಿನ ಎಣ್ಣೆ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಆಗ ಯಾವ ಮೆಟ್ಟಿಲಿಗೆ ಹಾಕಿದರೂ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ತಳದ ಹೊಡೆತ ತಗೊಳ್ಳೋ ಒಳಗಿನ ರಬ್ಬರ್ ಪುಡಿಯಾಗಿದ್ದರೂ ಅಷ್ಟೇ. ನಮ್ಮದರಲ್ಲಿ ಎಣ್ಣೆ ಜಿನುಗಿರಲಿಲ್ಲ, ಕುಣಿತವೂ ಇರಲಿಲ್ಲ, ರಬ್ಬರೂ ಗಟ್ಟಿಯಾಗಿತ್ತು. ಆ ಮೆಕ್ಯಾನಿಕ್ ಹೇಳಿದ ಹೊಸ ಶಾಕಿನ ದುಡ್ಡು ಜೇಬಲ್ಲೇ ಉಳೀತು. ಟೈರಿನ ಗಾಳಿಯನ್ನೂ ಮರೀಬೇಡಿ, ಇಬ್ಬರು ಕೂತಾಗ ಹಿಂದಿನ ಚಕ್ರಕ್ಕೆ ಎಷ್ಟಿರಬೇಕು ಅಂತ ಗಾಡಿ ಜೊತೆ ಕೊಡೋ ಪುಸ್ತಕದಲ್ಲೇ ಬರೆದಿರುತ್ತೆ.

ಹಾಗಂತ ಇದು ಮಂತ್ರದಂಡವೇನಲ್ಲ. ಸ್ಟೀಲ್ ಸ್ಪ್ರಿಂಗು ಗಾಳಿಯ ಥರ ಕೊನೇಲಿ ಗೋಡೆಯಾಗಲ್ಲ. ಕೊನೇ ಸೆಂಟಿಮೀಟರಿಗೂ ಅದೇ 25 ಕೆ.ಜಿ. ಹಾಗಾಗಿ ದೊಡ್ಡ ಹಂಪ್ ಬಂದರೆ ಈಗಲೂ ಗಾಡಿ ಪೂರ್ತಿ ನಿಧಾನ ಮಾಡ್ತೀನಿ. ಡಾಕ್ಟರಿಗೂ ಹೇಳಿದ್ವಿ. ಅವರು ಸಂತೋಷವಾಗೇನೂ ಒಪ್ಪಲಿಲ್ಲ. ನೋವು ಜಾಸ್ತಿ ಇರೋ ವಾರ ಬೈಕು ಬೇಡವೇ ಬೇಡ, ಬೆಲ್ಟ್ ಕಟ್ಟಿಕೊಳ್ಳದೆ ಹತ್ತೋದೂ ಬೇಡ ಅಂದರು. ಆ ಮಾತನ್ನ ಅಮ್ಮ ಪಾಲಿಸ್ತಾರೆ. ಅಂಥ ವಾರ ಪರಿಚಯದ ಆಟೋದವರಿಗೆ ಹೇಳ್ತೀವಿ.

ಕಳೆದ ಭಾನುವಾರ ಹರಿಗೆ ದಾಟುವಾಗ ಅಮ್ಮ ಹಿಂದಿನಿಂದ ದೊಡ್ಡಮ್ಮನ ಮದುವೆಯ ಕಥೆ ಹೇಳೋಕೆ ಶುರು ಮಾಡಿದರು. ಬೀಗರ ಊಟಕ್ಕೆ ಹೋಳಿಗೆ ಸಾಲದೇ ಹೋದ ಕಥೆ. ಬೈಕಿನ ಮೇಲೆ ಅಮ್ಮ ಅಷ್ಟುದ್ದ ಮಾತಾಡಿದ್ದು ಕೇಳಿ ತಿಂಗಳುಗಳೇ ಆಗಿತ್ತು.

ನಿಮ್ಮನೇಲೂ ಹಿಂದಿನ ಸೀಟಲ್ಲಿ ಸುಮ್ಮನೆ ಕೂತು ಬರೋರು ಯಾರಾದ್ರೂ ಇದ್ದರೆ, ಇವತ್ತೇ ಬಗ್ಗಿ ಒಂದು ಸಲ ಆ ಉಂಗುರ ನೋಡಿ. ಎಷ್ಟನೇ ಮೆಟ್ಟಿಲಲ್ಲಿದೆ?