ಕೊರ್ದುವಾನಿನ ದೀಪ

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಜಿರೋಂದ್ ಎಂಬ ವಿಶಾಲವಾದ ಅಳಿವೆಯೊಂದು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಬೋರ್ಡೋ ನಗರಕ್ಕೆ ಹೋಗುವ ಹಡಗುಗಳೆಲ್ಲ ಈ ಅಳಿವೆಯ ಬಾಯನ್ನು ಹೊಕ್ಕೇ ಸಾಗಬೇಕು. ಆ ಬಾಯಿಯಾದರೋ ಅಪಾಯಗಳ ನೆಲೆ. ನೀರಿನ ಮಟ್ಟ ಇಳಿದಾಗ ತಲೆಯೆತ್ತಿ, ಏರಿದಾಗ ಮರೆಯಾಗುವ ಬಂಡೆಗಳು. ಅಲೆಗಳೊಡನೆ ಜಾಗ ಬದಲಿಸುವ ಮರಳ ದಿಬ್ಬಗಳು. ಇಂಥದೊಂದು ಬಂಡೆಯ ಮೇಲೆಯೇ 1611ರ ವೇಳೆಗೆ ಕೊರ್ದುವಾನ್ ಎಂಬ ಕಲ್ಲಿನ ಗೋಪುರವೊಂದು ಪೂರ್ಣಗೊಂಡಿತು. ಅದು ಅರಮನೆಯಂತೆ ಅಂದವಾದ ದೀಪಸ್ತಂಭ. ಆದರೆ ನಡುರಾತ್ರಿಯಲ್ಲಿ ಬಿರುಗಾಳಿಗೆ ಸಿಕ್ಕಿದ ನಾವಿಕನಿಗೆ ಗೋಪುರದ ಅಂದದಿಂದ ಏನು ಪ್ರಯೋಜನ? ಅವನಿಗೆ ಬೇಕಾದುದು ಅದರ ನೆತ್ತಿಯ ಬೆಳಕು.

ಬಹುಕಾಲ ಆ ನೆತ್ತಿಯಲ್ಲಿ ಬೆಂಕಿಯೇ ಉರಿಯುತ್ತಿತ್ತು. ಮೊದಲು ಸೌದೆ, ಅನಂತರ ಕಲ್ಲಿದ್ದಲು. ಬೆಂಕಿಯ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ; ಆಕಾಶಕ್ಕೂ ಹೋಗುತ್ತದೆ, ಗೋಪುರದ ಬುಡಕ್ಕೂ ಬೀಳುತ್ತದೆ. ಸಮುದ್ರದ ಕಡೆಗೆ ಹೋಗುವುದು ಅದರ ಒಂದು ಪಾಲು ಮಾತ್ರ. ಆದುದರಿಂದ 1782ರಲ್ಲಿ ಅಧಿಕಾರಿಗಳು ಬೆಂಕಿಯನ್ನು ತೆಗೆಸಿ, ಎಣ್ಣೆಯ ದೀಪಗಳ ಸಾಲನ್ನೂ ಅವುಗಳ ಹಿಂದೆ ಹೊಳಪಿನ ಲೋಹದ ಕನ್ನಡಿಗಳನ್ನೂ ಇರಿಸಿದರು. ಹಿಂದಕ್ಕೆ ಹೋಗಿ ವ್ಯರ್ಥವಾಗುವ ಬೆಳಕನ್ನು ಕನ್ನಡಿಯು ಮುಂದಕ್ಕೆ ತಿರುಗಿಸುತ್ತದೆಯೆಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ನಾವಿಕರು ಗೊಣಗತೊಡಗಿದರು. ಹೊಸ ದೀಪ ದೂರಕ್ಕೆ ಕಾಣುವುದೇ ಇಲ್ಲ, ಹಳೆಯ ಕಲ್ಲಿದ್ದಲ ಬೆಂಕಿಯನ್ನೇ ಮತ್ತೆ ಹಾಕಿರೆಂದು ಅವರು ಬೇಡಿಕೆಯಿಟ್ಟರು.

ಓದುಬರಹ ಬಾರದ ನಾವಿಕರ ಗೊಣಗಾಟವೆಂದು ಇದನ್ನು ತಳ್ಳಿಹಾಕುವುದು ಸುಲಭವಾಗಿತ್ತು. ಆದರೆ ಅವರು ಹೇಳಿದುದು ನಿಜ. ತಪ್ಪು ಇದ್ದುದು ಎರಡು ಕಡೆ. ಮೊದಲನೆಯದು ದೀಪ. ಆ ಕಾಲದ ಚಪ್ಪಟೆ ಬತ್ತಿಯ ದೀಪಗಳು ಹೊಗೆ ಕಾರುತ್ತಿದ್ದುವು. ರಾತ್ರಿ ಅರ್ಧ ಕಳೆಯುವುದರೊಳಗೆ ಕನ್ನಡಿಗಳ ಮೇಲೆ ಮಸಿ ಕುಳಿತು, ಬೆಳಕನ್ನು ತಿರುಗಿಸಬೇಕಾದ ಕನ್ನಡಿಯೇ ಅದನ್ನು ನುಂಗುತ್ತಿತ್ತು. ಎರಡನೆಯದು ಕನ್ನಡಿಯ ಆಕಾರ. ಅವು ಗೋಳದ ತುಣುಕಿನಂಥ ಕನ್ನಡಿಗಳು. ಅಂಥ ಕನ್ನಡಿಯ ಅಂಚಿಗೆ ಬಿದ್ದ ಕಿರಣಗಳು ನಡುವೆ ಬಿದ್ದ ಕಿರಣಗಳೊಡನೆ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಸಂತೆ ಮುಗಿಸಿದ ಜನರಂತೆ ಒಂದೊಂದು ಒಂದೊಂದು ಕಡೆಗೆ ಚದುರುತ್ತವೆ.

ಪರವಲಯವೆಂಬ ವಕ್ರರೇಖೆಯ ಗುಣವು ಗಣಿತಜ್ಞರಿಗೆ ಪ್ರಾಚೀನ ಕಾಲದಿಂದಲೂ ತಿಳಿದಿತ್ತು. ಪರವಲಯದ ಆಕಾರದ ಕನ್ನಡಿಯೊಂದರ ನಾಭಿಯಲ್ಲಿ ದೀಪವನ್ನಿಟ್ಟರೆ, ಕನ್ನಡಿಯ ಯಾವ ಭಾಗಕ್ಕೆ ಬಿದ್ದ ಕಿರಣವಾದರೂ ಒಂದೇ ದಿಕ್ಕಿಗೆ, ಒಂದಕ್ಕೊಂದು ಸಮಾಂತರವಾಗಿ ಹೊರಡುತ್ತದೆ. ಲಿವರ್‌ಪೂಲ್ ಬಂದರಿನ ಅಧಿಕಾರಿಯಾಗಿದ್ದ ವಿಲಿಯಂ ಹಚಿನ್ಸನ್ ಎಂಬವನು 1760ರ ದಶಕದಲ್ಲಿಯೇ ಮರದ ದೊಡ್ಡ ಬೋಗುಣಿಯ ಒಳಮೈಗೆ ಕನ್ನಡಿಯ ಚೂರುಗಳನ್ನು ಅಂಟಿಸಿ ಇಂಥ ಪ್ರತಿಫಲಕಗಳನ್ನು ಮಾಡಿದ್ದನು. ಎಡಿನ್‌ಬರೋ ನಗರದ ತಗಡಿನ ಕೆಲಸಗಾರ ಥಾಮಸ್ ಸ್ಮಿತ್ 1787ರಲ್ಲಿ ಸ್ಕಾಟ್ಲೆಂಡಿನ ಕಿನೇರ್ಡ್ ಹೆಡ್ ಎಂಬಲ್ಲಿ ಕನ್ನಡಿ ಚೂರುಗಳ ದೀಪಗಳನ್ನು ಬೆಳಗಿಸಿದನು. ಇನ್ನು ಹೊಗೆಯ ತೊಂದರೆಯನ್ನು ನೀಗಿದವನು ಜಿನೀವಾದ ಆರ್ಗಾಂಡ್. ಅವನು ಬತ್ತಿಯನ್ನು ಕೊಳವೆಯ ಆಕಾರಕ್ಕೆ ತಂದು, ಉರಿಯ ಒಳಗೂ ಹೊರಗೂ ಗಾಳಿ ಆಡುವಂತೆ ಮಾಡಿ, ಮೇಲೆ ಗಾಜಿನ ಚಿಮಣಿಯನ್ನಿಟ್ಟನು. ಎಣ್ಣೆ ಪೂರ್ತಿಯಾಗಿ ಉರಿಯಿತು. ಬೆಳಕು ಹೆಚ್ಚಿತು, ಮಸಿ ತಗ್ಗಿತು. ಬುಡ್ಡಿದೀಪವನ್ನೂ ಲಾಟೀನನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಚಿಮಣಿಯ ಮಹಿಮೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಕೊರ್ದುವಾನಿನ ನಾವಿಕರ ದೂರಿಗೆ ಕಿವಿಗೊಟ್ಟವನು ತ್ಯೂಲೆರ್ ಎಂಬ ಇಂಜಿನಿಯರು. ಅವನು ಗೋಪುರವನ್ನು ಎತ್ತರಿಸಿ, 1790ರಲ್ಲಿ ಪರವಲಯದ ಕನ್ನಡಿಗಳನ್ನೂ ಹೊಸ ಬಗೆಯ ದೀಪಗಳನ್ನೂ ಇರಿಸಿ, ಅವೆಲ್ಲವೂ ಯಂತ್ರದಿಂದ ಸುತ್ತುವಂತೆ ಏರ್ಪಡಿಸಿದನು. ದೀಪವು ಮಿಂಚಿ ಮರೆಯಾಗುವುದನ್ನು ಕಂಡು, ಇದು ಕೊರ್ದುವಾನ್, ದಡದ ಮನೆಯ ದೀಪವಲ್ಲ ಎಂದು ನಾವಿಕರು ಗುರುತಿಸಬಹುದಾಯಿತು. ಸ್ಕಾಟ್ಲೆಂಡಿನ ಬೆಲ್ ರಾಕ್ ಬಂಡೆಯ ಮೇಲೆ ರಾಬರ್ಟ್ ಸ್ಟೀವನ್‌ಸನ್ 1811ರಲ್ಲಿ ಬೆಳಗಿಸಿದ ದೀಪದಲ್ಲಿ ಬೆಳ್ಳಿಯ ಲೇಪವುಳ್ಳ ತಾಮ್ರದ ಕನ್ನಡಿಗಳು 24 ಇದ್ದುವು. ಅಷ್ಟನ್ನೂ ಕಾವಲುಗಾರರು ದಿನವೂ ಉಜ್ಜಬೇಕು. ಬೆಳ್ಳಿಯೆಂದರೆ ಸಮುದ್ರದ ಗಾಳಿಗೆ ಬೇಗನೆ ಕಂದುವ ಲೋಹ.

ಇಲ್ಲಿಗೆ ಕಾರ್ಯ ಮುಗಿಯಿತೆಂದು ಬಹುಮಂದಿ ಭಾವಿಸಿದ್ದರು. ಹಾಗೆ ಭಾವಿಸದಿದ್ದವನು ಸಮುದ್ರದ ಕೆಲಸವೇನೂ ತಿಳಿಯದ, ರಸ್ತೆ ಸೇತುವೆಗಳ ಇಲಾಖೆಯ ಒಬ್ಬ ಬಡಕಲು ಇಂಜಿನಿಯರು.

ಅಗಸ್ಟಿನ್ ಫ್ರೆನೆಲ್ 1788ರಲ್ಲಿ ನಾರ್ಮಂಡಿ ಪ್ರಾಂತದಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಅವನಿಗೆ ಪಾಠಗಳು ತಲೆಗೆ ಹತ್ತುತ್ತಿರಲಿಲ್ಲ. ಎಂಟು ವರ್ಷ ತುಂಬಿದರೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಆದರೆ ಜೊತೆಯ ಹುಡುಗರ ಪಾಲಿಗೆ ಅವನೇ ಮಹಾಮೇಧಾವಿ. ಆಟದ ಬಿಲ್ಲಿಗೆ ಯಾವ ಮರ ತಕ್ಕುದು, ಆಟದ ಕೋವಿಯ ಕೊಳವೆ ಎಷ್ಟು ಉದ್ದವಿದ್ದರೆ ಗುರಿ ದೂರ ಹೋಗುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ಕಂಡುಕೊಂಡಿದ್ದನು. ಆ ಆಟಿಕೆಗಳು ಎಷ್ಟು ಬಲವಾದುವೆಂದರೆ, ತಂದೆತಾಯಿಗಳು ಸೇರಿ ಅವನ್ನು ನಿಷೇಧಿಸಬೇಕಾಯಿತು. ಮುಂದೆ ಅವನು ಇಂಜಿನಿಯರಾಗಿ ಹಳ್ಳಿಗಾಡಿನ ರಸ್ತೆಗಳ ಮೇಲ್ವಿಚಾರಣೆಯಲ್ಲಿ ದಿನ ಕಳೆಯುತ್ತಿದ್ದನು. ನೆಪೋಲಿಯನ್ ಗಡೀಪಾರಿನಿಂದ ಹಿಂದಿರುಗಿದ 1815ರಲ್ಲಿ, ಅವನ ವಿರೋಧಿಗಳ ಪಕ್ಷ ಹಿಡಿದುದಕ್ಕಾಗಿ ಫ್ರೆನೆಲ್ ಕೆಲಸವನ್ನು ಕಳೆದುಕೊಂಡನು. ತಾಯಿಯ ಹಳ್ಳಿಮನೆಗೆ ಬಂದವನು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಬೆಳಕಿನ ಸ್ವಭಾವವನ್ನು ಪರೀಕ್ಷಿಸತೊಡಗಿದನು. ಉಪಕರಣಗಳನ್ನು ಹಳ್ಳಿಯ ಬೀಗ ಮಾಡುವವನಿಂದ ಮಾಡಿಸಿಕೊಂಡನು. ಮಸೂರವಿರಲಿಲ್ಲ, ತಾಮ್ರದ ತಗಡಿನಲ್ಲಿ ಸಣ್ಣದೊಂದು ತೂತು ಮಾಡಿ, ಅದರ ಮೇಲೆ ಒಂದು ಹನಿ ಜೇನುತುಪ್ಪವನ್ನಿಟ್ಟನು. ಆ ಹನಿಯೇ ಮಸೂರವಾಯಿತು. ಬೆಳಕು ಅಲೆಗಳ ರೂಪದಲ್ಲಿ ಸಾಗುತ್ತದೆಂಬ ವಾದವನ್ನು ಅವನು ಮುಂದೆ ಪ್ರಬಲವಾಗಿ ಸಮರ್ಥಿಸಿದನು. ಅದಕ್ಕೆ 1819ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನವೂ ದೊರೆಯಿತು.

ಅದೇ ವರ್ಷ ಅವನ ಮಿತ್ರನಾದ ವಿಜ್ಞಾನಿ ಅರಾಗೊ ಅವನನ್ನು ದೀಪಸ್ತಂಭಗಳ ಆಯೋಗದ ಕೆಲಸಕ್ಕೆ ಸೇರಿಸಿದನು. ಫ್ರೆನೆಲ್ ಮಾಡಿದ ಮೊದಲ ಕೆಲಸ, ಮನೆಯ ಯಜಮಾನಿ ತಿಂಗಳ ಕೊನೆಗೆ ಖರ್ಚನ್ನು ನೋಡುವಂತೆ, ಬೆಳಕು ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ಲೆಕ್ಕ ಹಾಕಿದುದು. ಅಂದಿನ ಲೋಹದ ಕನ್ನಡಿಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಅರ್ಧದಷ್ಟನ್ನು ಹೀರಿಬಿಡುತ್ತಿದ್ದುವು. ಕನ್ನಡಿಗೆ ತಾಗದೆ ನೇರವಾಗಿ ಬಾಯಿಂದ ಹೊರಬೀಳುವ ಬೆಳಕು ಹರಡಿ ಹಾಳಾಗುತ್ತಿತ್ತು. ಇನ್ನೂ ಒಂದು ನಷ್ಟವಿತ್ತು: ಪ್ರತಿಯೊಂದು ಕನ್ನಡಿಗೂ ಪ್ರತ್ಯೇಕ ದೀಪ ಬೇಕು, ಪ್ರತ್ಯೇಕ ಎಣ್ಣೆ ಬೇಕು.

ಕನ್ನಡಿಯನ್ನು ಇನ್ನಷ್ಟು ಉಜ್ಜುವುದು ಒಂದು ದಾರಿ. ಫ್ರೆನೆಲ್ ಬೇರೆ ದಾರಿ ಹಿಡಿದನು. ಗಾಜಿನ ಮೂಲಕ ಹಾಯುವ ಬೆಳಕಿನಲ್ಲಿ ನಷ್ಟ ತೀರ ಕಡಿಮೆ. ಗಾಜಿನ ಒಂದೊಂದು ಮೈಯಲ್ಲಿ ಹಿಂದಕ್ಕೆ ಮರಳುವುದು ಸುಮಾರು ಇಪ್ಪತ್ತೈದರಲ್ಲೊಂದು ಪಾಲು. ಹಾಗಾದರೆ ಕನ್ನಡಿಗೆ ಬದಲು ಮಸೂರವನ್ನೇಕೆ ಬಳಸಬಾರದು? ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿತ್ತು. ದೀಪಸ್ತಂಭಕ್ಕೆ ಸಾಕಾಗುವಷ್ಟು ಅಗಲವಾದ ಮಸೂರವನ್ನು ಮಾಡಿದರೆ ಅದರ ನಡುಭಾಗ ಬಹಳ ದಪ್ಪವಾಗುತ್ತದೆ. ಅಷ್ಟು ದಪ್ಪದ ಶುದ್ಧ ಗಾಜನ್ನು ಎರಕ ಹೊಯ್ಯುವುದು ಕಷ್ಟ, ಹೊತ್ತು ಮೇಲೇರಿಸುವುದು ಕಷ್ಟ. ದಪ್ಪ ಗಾಜು ಬೆಳಕನ್ನೂ ಹೀರುತ್ತದೆ.

ಇಲ್ಲಿಯೇ ಅವನ ಜಾಣ್ಮೆ ಕಾಣುವುದು. ಮಸೂರದಲ್ಲಿ ಕಿರಣ ಬಾಗುವುದು ಎಲ್ಲಿ? ಗಾಜಿನ ಹೊಟ್ಟೆಯಲ್ಲಲ್ಲ, ಅದರ ಮೈಯಲ್ಲಿ. ಕಿರಣವು ಗಾಳಿಯಿಂದ ಗಾಜಿಗೆ ಹೊಕ್ಕುವಾಗ ಒಮ್ಮೆ, ಗಾಜಿನಿಂದ ಗಾಳಿಗೆ ಹೊರಡುವಾಗ ಒಮ್ಮೆ ಬಾಗುತ್ತದೆ. ನಡುವಿನ ಗಾಜು ಸುಮ್ಮನೆ ಹೊರೆ. ಹಾಗಿದ್ದರೆ ಆ ಹೊರೆಯನ್ನು ಕೊರೆದು ತೆಗೆದು, ಮೈಯ ಓರೆಯನ್ನು ಮಾತ್ರ ಉಳಿಸಿಕೊಳ್ಳಬಹುದು. ನಡುವೆ ಒಂದು ಚಿಕ್ಕ ಮಸೂರ, ಅದರ ಸುತ್ತ ಬಳೆಯೊಳಗೆ ಬಳೆಯಿಟ್ಟಂತೆ ಗಾಜಿನ ಉಂಗುರಗಳು. ಒಂದೊಂದು ಉಂಗುರಕ್ಕೂ ತಕ್ಕ ಓರೆ. ದೇವಾಲಯದ ಕಲ್ಯಾಣಿಯ ಮೆಟ್ಟಿಲುಗಳಂತೆ ಹೊರಗಿನಿಂದ ಕಾಣುವ ಈ ಮಸೂರವು ತೆಳ್ಳಗೂ ಹಗುರವಾಗಿಯೂ ಇರುತ್ತದೆ. ಉಂಗುರಗಳ ಓರೆಯನ್ನು ಬೇರೆಬೇರೆಯಾಗಿ ಆಯ್ದುಕೊಳ್ಳಬಹುದಾದುದರಿಂದ ಅಂಚಿನ ಕಿರಣಗಳು ಚದುರುವ ದೋಷವನ್ನೂ ತಿದ್ದಬಹುದು.

ಈ ಆಲೋಚನೆಯನ್ನು ಅವನು ಆಯೋಗದ ಮುಂದಿಟ್ಟಾಗ ಸದಸ್ಯರಲ್ಲೊಬ್ಬರು, ಇದನ್ನು ಬುಫೋನ್ ಎಂಬ ವಿದ್ವಾಂಸನು ಎಂದೋ ಹೇಳಿದ್ದಾನೆಂದು ನೆನಪಿಸಿದರು. ಅದು ನಿಜವಾಗಿತ್ತು, ಸುಮಾರು 70 ವರ್ಷಗಳ ಹಿಂದೆಯೇ ಬುಫೋನ್ ಮೆಟ್ಟಿಲು ಮಸೂರವನ್ನು ಸೂಚಿಸಿದ್ದನು. ಫ್ರೆನೆಲ್‌ಗೆ ಅದು ತಿಳಿದೇ ಇರಲಿಲ್ಲ. ಆದರೆ ಬುಫೋನ್ ಹೇಳಿದ ಮಸೂರವನ್ನು ಒಂದೇ ಗಾಜಿನ ಗಟ್ಟಿಯಲ್ಲಿ ಕಡೆಯಬೇಕಾಗಿತ್ತು. ಫ್ರೆನೆಲ್ ತುಂಡುತುಂಡಾಗಿ ಮಾಡಿ ಜೋಡಿಸಲು ಹೊರಟಿದ್ದನು. ಕಾಗದದ ಮೇಲಿನ ಯೋಜನೆಗೂ ಗೋಪುರದ ಮೇಲೆ ಉರಿಯುವ ದೀಪಕ್ಕೂ ನಡುವಣ ಅಂತರವೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ಸೊಲೆಯ್ ಎಂಬ ಕುಶಲ ಕನ್ನಡಕಗಾರನು ಮಸೂರವನ್ನು ಕಡೆಯಲು ಒಪ್ಪಿಕೊಂಡನು. ದೊರೆತ ಗಾಜು ಹಸಿರು ಛಾಯೆಯದು, ಒಳಗೆಲ್ಲ ಗುಳ್ಳೆಗಳು. ಬಳೆಯಂತೆ ಬಾಗಿದ ಗಾಜನ್ನು ಸಾಣೆ ಹಿಡಿಯುವ ಯಂತ್ರ ಅವನಲ್ಲಿರಲಿಲ್ಲ. ಆದುದರಿಂದ ಮೊದಲ ಮಸೂರದ ಉಂಗುರಗಳು ದುಂಡಗಿರದೆ ನೇರ ತುಂಡುಗಳಿಂದ ಕೂಡಿದ ಬಹುಭುಜಗಳಾದುವು. ಅಂಥ 97 ತುಂಡುಗಳನ್ನು ಅಂಟಿಸಿ 1820ರಲ್ಲಿ ಒಂದು ಚೌಕದ ಫಲಕ ಸಿದ್ಧವಾಯಿತು. ಮರುವರ್ಷದ ಏಪ್ರಿಲ್ 13ರಂದು ಪ್ಯಾರಿಸಿನಲ್ಲಿ ಹೊಸ ಮಸೂರವನ್ನೂ ಅಂದಿನ ಉತ್ತಮ ಕನ್ನಡಿಗಳನ್ನೂ ಎದುರೆದುರು ಪರೀಕ್ಷೆಗೆ ಒಡ್ಡಿದಾಗ, ಮಸೂರದ ಮುಂದೆ ಕನ್ನಡಿಗಳು ಮಂಕಾದುವು. ಆ ಬಳಿಕ ಕೊರ್ದುವಾನಿಗಾಗಿಯೇ ದೊಡ್ಡ ಮಸೂರವೊಂದು ಸಿದ್ಧವಾಯಿತು. ಅದನ್ನು 1822ರಲ್ಲಿ ಪ್ಯಾರಿಸಿನ ಇನ್ನೂ ಅರ್ಧಕ್ಕೆ ನಿಂತಿದ್ದ ವಿಜಯದ್ವಾರದ ಮೇಲೇರಿಸಿ ಹೊತ್ತಿಸಿದರು. 32 ಕಿಲೋಮೀಟರ್ ದೂರದಲ್ಲಿ ನಿಂತು ನೋಡಿದವರಿಗೂ ಬೆಳಕು ಕಂಡಿತು.

1823ರ ಜುಲೈ 25ರಂದು ಕೊರ್ದುವಾನಿನಲ್ಲಿ ಹೊಸ ದೀಪ ಉರಿಯಿತು. ಅಲ್ಲಿ ಹತ್ತಾರು ದೀಪಗಳಿರಲಿಲ್ಲ. ನಡುವೆ ಇದ್ದುದು ಒಂದೇ. ಒಂದರೊಳಗೊಂದಾಗಿ ನಾಲ್ಕು ಉರುಟು ಬತ್ತಿಗಳಿದ್ದ ಆ ದೀಪವನ್ನು ಫ್ರೆನೆಲ್ ಮತ್ತು ಅರಾಗೊ ಕೂಡಿ ರೂಪಿಸಿದ್ದರು. ಅದರ ಸುತ್ತ ಎಂಟು ಮಸೂರ ಫಲಕಗಳು ಗಡಿಯಾರದ ಯಂತ್ರದಿಂದ ಮೆಲ್ಲನೆ ತಿರುಗುತ್ತಿದ್ದುವು. ಒಂದೊಂದು ಫಲಕದಿಂದಲೂ ಒಂದೊಂದು ಬೆಳಕಿನ ತೊಲೆ ಕಡಲಿನತ್ತ ಚಾಚಿ, ಚಕ್ರದ ಅರೆಗಳಂತೆ ಸುತ್ತುತ್ತಿತ್ತು. ಒಂದೇ ದೀಪದ ಎಣ್ಣೆ ಎಂಟು ಫಲಕಗಳಿಗೂ ಸಾಕಾಯಿತು.

ಆದರೂ ಫ್ರೆನೆಲ್‌ನ ಲೆಕ್ಕದ ಪುಸ್ತಕ ಮುಚ್ಚಲಿಲ್ಲ. ಕನ್ನಡಿಯಲ್ಲಿ ಬಾಯಿಂದ ನೇರವಾಗಿ ಹೋಗುವ ಬೆಳಕು ಸೋರುತ್ತಿದ್ದರೆ, ಇಲ್ಲಿ ಫಲಕಗಳ ಮೇಲಿನಿಂದಲೂ ಕೆಳಗಿನಿಂದಲೂ ಸೋರುತ್ತಿತ್ತು. ಮೇಲೆ ಹೋಗುವುದನ್ನು ಹಿಡಿಯಲು ಅವನು ಚಿಕ್ಕ ಮಸೂರಗಳನ್ನಿಟ್ಟು, ಆ ಬೆಳಕನ್ನು ಸಮುದ್ರದ ಕಡೆಗೆ ತಿರುಗಿಸಲು ಮತ್ತೆ ಕನ್ನಡಿಗಳನ್ನೇ ಬಳಸಬೇಕಾಯಿತು. ಹೊರಗಟ್ಟಿದ ಕನ್ನಡಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿತ್ತು. ಇದು ಅವನ ಮನಸ್ಸಿಗೆ ಒಪ್ಪುವ ಸಂಗತಿಯಾಗಿರಲಿಲ್ಲ.

ಅಷ್ಟರಲ್ಲಿ ಅವನ ದೇಹ ಸೋಲುತ್ತಿತ್ತು. ಕ್ಷಯರೋಗ ಬಹುಕಾಲದಿಂದ ಅವನ ಬೆನ್ನು ಹತ್ತಿತ್ತು. 1824ರಿಂದ ಅದು ಉಲ್ಬಣಿಸಿದಾಗ ಒಂದೊಂದಾಗಿ ಉಳಿದ ಕೆಲಸಗಳನ್ನು ಬಿಡಬೇಕಾಯಿತು. ಬೆಳಕಿನ ಅಲೆಗಳ ಸಂಶೋಧನೆಯೂ ಬಹುಮಟ್ಟಿಗೆ ನಿಂತಿತು. ಅವನಿಗೆ ಕೀರ್ತಿ ತರಬಹುದಾಗಿದ್ದುದು ಆ ಸಂಶೋಧನೆ. ಆದರೆ ಉಳಿದ ಅಲ್ಪ ಶಕ್ತಿಯನ್ನು ಅವನು ದೀಪಗಳಿಗೆ ಕೊಟ್ಟನು. ಫ್ರಾನ್ಸಿನ ಕರಾವಳಿಯುದ್ದಕ್ಕೂ 51 ದೀಪಸ್ತಂಭಗಳನ್ನು ಎಲ್ಲೆಲ್ಲಿ, ಯಾವ ಯಾವ ಗಾತ್ರದ ಮಸೂರದೊಡನೆ ಕಟ್ಟಬೇಕೆಂಬ ಯೋಜನೆ 1825ರಲ್ಲಿ ಒಪ್ಪಿಗೆಯಾಯಿತು. ಸೋರುವ ಬೆಳಕಿಗೂ ಅವನು ಪರಿಹಾರ ಕಂಡನು. ಗಾಜಿನೊಳಗೆ ಸಾಗುವ ಕಿರಣವು ಅದರ ಮೈಗೆ ತಕ್ಕಷ್ಟು ಓರೆಯಾಗಿ ತಾಗಿದರೆ ಹೊರಬೀಳದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ; ಇದೇ ಸಂಪೂರ್ಣ ಆಂತರಿಕ ಪ್ರತಿಫಲನ. ತ್ರಿಕೋನಾಕಾರದ ಗಾಜಿನ ಪಟ್ಟಕಗಳನ್ನು ಉಂಗುರಗಳಾಗಿ ಮಾಡಿ ಮಸೂರದ ಮೇಲೆಯೂ ಕೆಳಗೂ ಜೋಡಿಸಿದರೆ, ಅವು ಬೆಳ್ಳಿಯ ಲೇಪವಿಲ್ಲದ ಕನ್ನಡಿಗಳಾಗುತ್ತವೆ. ಅವುಗಳಿಗೆ ಕಂದುವ ಭಯವಿಲ್ಲ. ಈ ಬಗೆಯ ಚಿಕ್ಕ ದೀಪಗಳನ್ನು ಅವನು ಪ್ಯಾರಿಸಿನ ಸೇಂಟ್ ಮಾರ್ಟಿನ್ ಕಾಲುವೆಯ ದಡಕ್ಕಾಗಿ ರೂಪಿಸಿದನು. ಅದೇ ಹಂಚಿಕೆಯನ್ನು ದೊಡ್ಡ ದೀಪಸ್ತಂಭದಲ್ಲಿ ಕಾಣುವ ಭಾಗ್ಯ ಅವನಿಗಿರಲಿಲ್ಲ.

ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ರಂಫರ್ಡ್ ಪದಕವನ್ನು ನೀಡಿತು. ಅದನ್ನು ಅರಾಗೊ ಮಿತ್ರನ ಹಾಸಿಗೆಯ ಬಳಿಗೇ ತಂದುಕೊಟ್ಟನು. ಕೆಲವೇ ದಿನಗಳಲ್ಲಿ, 1827ರ ಜುಲೈ 14ರಂದು, ಫ್ರೆನೆಲ್ ತೀರಿಕೊಂಡನು. ಆಗ ಅವನ ವಯಸ್ಸು 39.

ತಮ್ಮ ಲಿಯೊನಾರ್ ಅಣ್ಣನ ಯೋಜನೆಯನ್ನು ಕೈಗೆತ್ತಿಕೊಂಡನು. ಬೆಳ್ಳಿಯ ಕನ್ನಡಿಗಳನ್ನೇ ನೆಚ್ಚಿದ್ದ ಸ್ಕಾಟ್ಲೆಂಡಿನಲ್ಲಿಯೂ ರಾಬರ್ಟ್ ಸ್ಟೀವನ್‌ಸನ್ನನ ಮಗ ಅಲನ್ 1835ರಲ್ಲಿ ಇಂಚ್‌ಕೀತ್ ದ್ವೀಪದಲ್ಲಿ ಮಸೂರವನ್ನು ಏರಿಸಿದನು. 1844ರಲ್ಲಿ ಸ್ಕೆರಿವೋರ್ ಬಂಡೆಯ ಮೇಲೆ ಬೆಳಗಿದ ಅವನ ದೀಪದಲ್ಲಿ ಮಸೂರದ ಜೊತೆಗೆ ಆ ಗಾಜಿನ ಪಟ್ಟಕಗಳೂ ಇದ್ದುವು. ಉಡುಪಿಯ ದಕ್ಷಿಣಕ್ಕೆ, ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದು ನಿಲ್ಲುವ ಹೊತ್ತಿಗೆ ಕನ್ನಡಿ ಮೇಲೋ ಮಸೂರ ಮೇಲೋ ಎಂಬ ವಾದ ಯೂರೋಪಿನಲ್ಲಿ ಎಂದೋ ತಣ್ಣಗಾಗಿತ್ತು. ಕನ್ನಡಿಯೇನೂ ಸೋತು ಮೂಲೆ ಸೇರಲಿಲ್ಲ. ಕೈಯ ಟಾರ್ಚಿನಲ್ಲಿಯೂ ಮೋಟಾರು ವಾಹನಗಳ ದೀಪಗಳಲ್ಲಿಯೂ ಅಲ್ಯೂಮಿನಿಯಂ ಲೇಪದ ಹೊಸ ರೂಪದಲ್ಲಿ ಅದು ದುಡಿಯುತ್ತಲೇ ಬಂದಿದೆ. ಕೊರ್ದುವಾನ್ ಗೋಪುರವು 2021ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಈಗ ಉರಿಯುವುದು ವಿದ್ಯುತ್ತಿನ ದೀಪ. ಕತ್ತಲಾದೊಡನೆ ಅದು ಇಂದಿಗೂ ಜಿರೋಂದಿನ ಬಾಯಿಗೆ ಬೆಳಕು ಬೀರುತ್ತದೆ.