ಸಫ್ಫಿನಲ್ಲೊಂದು ಕುರ್ಚಿ

ಕರಾವಳಿಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ನನ್ನ ತರಗತಿಯ ಮುಸ್ಲಿಮ್ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಬ್ಯಾರಿ. ಬೆಳಗ್ಗೆ ಮದ್ರಸದಲ್ಲಿ ಅರಬಿ ಓದಿ ಬಂದವರು ಆಮೇಲೆ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಗಳನ್ನು ಓದಬೇಕು. ಒಂದೇ ದಿನಕ್ಕೆ ನಾಲ್ಕು ಲಿಪಿಗಳು. ಅವುಗಳಲ್ಲಿ ಒಂದು ಬಲದಿಂದ ಎಡಕ್ಕೆ ಸಾಗುವಂಥದ್ದು. ಬಹುತೇಕ ಮಕ್ಕಳು ಈ ಕೆಲಸವನ್ನು ದೊಡ್ಡದೆಂದು ಎಣಿಸುವುದೇ ಇಲ್ಲ. ಆದರೆ ಪ್ರತಿವರ್ಷ ಎಂಟನೆಯ ತರಗತಿಗೆ ಬಂದು ಸೇರುವವರಲ್ಲಿ ಒಬ್ಬಿಬ್ಬರ ಪಾಲಿಗೆ ಅಕ್ಷರವೇ ಗೋಡೆಯಾಗಿರುತ್ತದೆ. ಆ ಮಕ್ಕಳ ಬಗ್ಗೆ ಮತ್ತು ಅವರ ವಿಷಯದಲ್ಲಿ ನಮ್ಮ ಮನೆಗಳು ತಾಳಿರುವ ಮೌನದ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಕೆಲವು ವರ್ಷಗಳ ಹಿಂದೆ ಅಂಥ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಅವನ ಬರಹದಲ್ಲಿ ಒತ್ತಕ್ಷರಗಳು ಮಾಯವಾಗುತ್ತಿದ್ದವು. ‘ಕತ್ತೆ’ ಎಂದು ಹೇಳಿ ಬರೆಸಿದರೆ ‘ಕತೆ’ ಎಂದು ಬರೆಯುತ್ತಿದ್ದ. ಸಕಾರದ ಜಾಗದಲ್ಲಿ ನಕಾರ ಬಂದು ಕುಳಿತಿರುತ್ತಿತ್ತು. ಗಟ್ಟಿಯಾಗಿ ಓದಲು ನಿಲ್ಲಿಸಿದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಹಣೆಯ ಮೇಲೆ ಬೆವರು. ಅದೇ ಪಾಠವನ್ನು ನಾನೇ ಓದಿ ಹೇಳಿ ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಉತ್ತರ ಬರುತ್ತಿದ್ದುದು ಅವನಿಂದಲೇ. ಮದ್ರಸದ ಉಸ್ತಾದರನ್ನು ವಿಚಾರಿಸಿದೆ. “ನೋಡಿ ಓದುವಾಗ ತಡವರಿಸುತ್ತಾನೆ. ಕೇಳಿಸಿಕೊಂಡದ್ದನ್ನು ಮಾತ್ರ ಮರೆಯುವುದಿಲ್ಲ. ಉದ್ದದ ಸೂರಾಗಳನ್ನೂ ಕಿವಿಯಿಂದಲೇ ಕಲಿತಿದ್ದಾನೆ” ಎಂದರು. ಅವನ ತಂದೆಯ ಮಾತು ಬೇರೆಯಾಗಿತ್ತು: “ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ ಟೀಚರೇ. ಹತ್ತನೆಯದು ಪಾಸಾದರೆ ಆಯಿತು, ಇಲ್ಲದಿದ್ದರೆ ಮಾವನ ಗ್ಯಾರೇಜಿಗೆ ಬಿಡುತ್ತೇನೆ.”

ಉಸ್ತಾದರು ಕಂಡ ಹುಡುಗನೂ ತಂದೆ ಕಂಡ ಹುಡುಗನೂ ಒಬ್ಬನೇ. ಬುದ್ಧಿಗೆ ಕೊರತೆಯಿಲ್ಲದೆ, ಶ್ರಮಕ್ಕೂ ಕೊರತೆಯಿಲ್ಲದೆ, ಓದುಬರಹ ಅಥವಾ ಲೆಕ್ಕದಲ್ಲಿ ಮಾತ್ರ ಮಗು ಹೀಗೆ ಹಿಂದುಳಿಯುವುದಕ್ಕೆ ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಹೆಸರು. ಡಿಸ್ಲೆಕ್ಸಿಯಾ ಅದರ ಒಂದು ಬಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ನ್ಯೂನತೆಗಳ ಪಟ್ಟಿಯಲ್ಲಿ ದೃಷ್ಟಿಹೀನತೆ, ಮಂದದೃಷ್ಟಿ, ಶ್ರವಣದೋಷ, ಆಟಿಸಂಗಳ ಜೊತೆಗೆ ಇದೂ ಇದೆ. ಗಾಲಿಕುರ್ಚಿಯಲ್ಲಿರುವ ಮಗುವಿನ ಕಷ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ. ಈ ಮಗುವಿನ ಕಷ್ಟ ಸೋಮಾರಿತನದ ವೇಷದಲ್ಲಿ ಬರುವುದರಿಂದ ಅದಕ್ಕೆ ಸಿಗುವುದು ಬೈಗುಳ.

ಪ್ರಾಥಮಿಕ ಶಾಲೆಯಲ್ಲಿ ಒಬ್ಬಿಬ್ಬರು ಶಿಕ್ಷಕರು ಮಗುವನ್ನು ದಿನವಿಡೀ ನೋಡುತ್ತಿರುತ್ತಾರೆ. ಪ್ರೌಢಶಾಲೆಯಲ್ಲಿ ಪ್ರತಿ ಅವಧಿಗೆ ಶಿಕ್ಷಕರು ಬದಲಾಗುತ್ತಾರೆ, ಕರಿಹಲಗೆಯಿಂದ ನೋಟ್ಸ್ ಇಳಿಸಿಕೊಳ್ಳುವುದು ಹೆಚ್ಚಾಗುತ್ತದೆ, ಎದುರಿಗೆ ಎಸೆಸೆಲ್ಸಿ ಇರುತ್ತದೆ. ಅಷ್ಟರಲ್ಲಿ ಮಗು ತನ್ನ ಕಷ್ಟವನ್ನು ಮರೆಮಾಡುವ ವಿದ್ಯೆಯನ್ನೂ ಕಲಿತಿರುತ್ತದೆ. ಹುಡುಗರು ತಂಟೆ ಮಾಡಿ ತರಗತಿಯಿಂದ ಹೊರಗೆ ನಿಲ್ಲುತ್ತಾರೆ. ಓದಲು ಹೇಳಿಸಿಕೊಳ್ಳುವುದಕ್ಕಿಂತ ಅದು ಅವರಿಗೆ ಗೌರವದ ದಾರಿ. ಹುಡುಗಿಯರು ಕೊನೆಯ ಬೆಂಚಿನಲ್ಲಿ ಮೌನವಾಗುತ್ತಾರೆ. ಇನ್ನೊಂದು ಸಂಗತಿ: ಶಿಕ್ಷಣ ಹಕ್ಕು ಕಾಯ್ದೆಯು ಮುಖ್ಯವಾಗಿ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಆದರೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯಿದೆ ಎಂದು ಪ್ರಮಾಣೀಕರಿಸಲ್ಪಟ್ಟ ಮಗುವಿಗೆ ಉಚಿತ ಶಿಕ್ಷಣದ ಹಕ್ಕು 18 ವರ್ಷದ ತನಕ ಇದೆ. ಹದಿನಾಲ್ಕಕ್ಕೆ ಗ್ಯಾರೇಜಿಗೆ ಹೊರಟ ಹುಡುಗನ ಹಿಂದೆ ಅವನ ನಾಲ್ಕು ವರ್ಷಗಳ ಹಕ್ಕು ಯಾರೂ ಕೇಳದೆ ಬಿದ್ದಿರುತ್ತದೆ.

ಹೆತ್ತವರೊಂದಿಗೆ ಈ ಮಾತು ಎತ್ತಿದಾಗಲೆಲ್ಲ ನನಗೆ ಎರಡು ಉತ್ತರಗಳು ಸಿಗುತ್ತವೆ. ಮೊದಲನೆಯದು, “ಅಲ್ಲಾಹನ ವಿಧಿ, ಸಬ್ರ್ ಮಾಡುತ್ತೇವೆ.” ಸಬ್ರ್ ದೊಡ್ಡ ಗುಣ, ನಿಜ. ಆದರೆ ಅದೇ ಮಗುವಿಗೆ ಜ್ವರ ಬಂದಾಗ ನಾವು ಸಬ್ರ್ ಮಾಡುತ್ತಲೇ ಡಾಕ್ಟರರ ಬಳಿಗೂ ಓಡುತ್ತೇವೆ. ಎರಡನೆಯದು, “ಸರ್ಟಿಫಿಕೇಟ್ ಮಾಡಿಸಿ ಮಗುವಿನ ಹಣೆಗೆ ಹೆಸರು ಅಂಟಿಸುವುದು ಬೇಡ.” ಕೆಲವರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: ಎಲ್ಲರಿಗೂ ಇಲ್ಲದ ರಿಯಾಯಿತಿ ಪಡೆದು ಪಾಸಾಗುವುದು ಮೋಸವಾಗುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರ ನಮ್ಮ ಮಸೀದಿಯೊಳಗೇ ಇದೆ. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಬಹುದು, ಕುಳಿತು ಮಾಡಲಾಗದವರು ಮಲಗಿ ಮಾಡಬಹುದು ಎಂದು ನಮಗೆ ಕಲಿಸಲಾಗಿದೆ. ಮಂಡಿನೋವಿನ ಹಿರಿಯರಿಗೆಂದು ಸಫ್ಫಿನ ಬದಿಯಲ್ಲಿ ಕುರ್ಚಿಗಳನ್ನು ಇಟ್ಟಿರುತ್ತೇವೆ. ಅಲ್ಲಿ ಕುಳಿತು ಮಾಡಿದ ನಮಾಝನ್ನು ಯಾರಾದರೂ ಅರ್ಧ ನಮಾಝ್ ಎಂದದ್ದುಂಟೇ? ಸಫ್ಫ್ ಒಂದೇ, ಇಮಾಮರು ಒಬ್ಬರೇ, ಕಿಬ್ಲಾ ಒಂದೇ. ಕುರ್ಚಿ ಬಂದದ್ದರಿಂದ ನಮಾಝ್ ಹಗುರವಾಗಲಿಲ್ಲ. ಹೊರಗುಳಿಯಬಹುದಾಗಿದ್ದ ಒಬ್ಬರು ಜಮಾಅತಿನ ಒಳಗೆ ಉಳಿದರು. ಪರೀಕ್ಷೆಯ ರಿಯಾಯಿತಿಯೂ ಅಂಥದೇ ಕುರ್ಚಿ. 2016ರ ಕಾಯ್ದೆಯ 17ನೆಯ ಸೆಕ್ಷನ್ ಹೆಚ್ಚುವರಿ ಸಮಯ, ಉತ್ತರವನ್ನು ಬರೆದುಕೊಡುವ ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದುವನ್ನು ಹೆಸರಿಸಿಯೇ ಹೇಳುತ್ತದೆ. ಹೆಚ್ಚುವರಿ ಸಮಯವು ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದು ಎಂದು ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಹೇಳಿತ್ತು. ಪ್ರಶ್ನೆಪತ್ರಿಕೆ ಬದಲಾಗುವುದಿಲ್ಲ. ಉತ್ತರವನ್ನು ಮಗುವೇ ಹೇಳಬೇಕು. ಸಹಾಯಕರ ಕೈ ಅದನ್ನು ಕಾಗದಕ್ಕೆ ಇಳಿಸುತ್ತದೆ, ಅಷ್ಟೇ.

ಇಬ್ನು ಉಮ್ಮಿ ಮಕ್ತೂಮ್(ರ) ಅವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಕಣ್ಣು ಕಾಣದ ಆ ಸಹಾಬಿ ಕಲಿಯುವ ಹಂಬಲದಿಂದ ಪ್ರವಾದಿ(ಸ)ಯವರ ಬಳಿಗೆ ಬಂದ ಪ್ರಸಂಗದಲ್ಲಿ ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ ‘ಅಬಸ’ ಅವತೀರ್ಣವಾಯಿತು. ನಾವು ಅಷ್ಟು ಹೇಳಿ ನಿಲ್ಲಿಸುತ್ತೇವೆ. ಮುಂದಿನ ಕಥೆಯೂ ಮಕ್ಕಳಿಗೆ ತಿಳಿಯಬೇಕು. ಅವರು ಮದೀನಾದ ಮುಅದ್ದಿನ್ ಆದರು. ರಮಝಾನಿನಲ್ಲಿ ಅವರ ಅದಾನ್ ಕೇಳುವ ತನಕ ಜನರು ಸಹರಿ ಉಣ್ಣುತ್ತಿದ್ದರು. ಬೆಳಕು ಹರಿದದ್ದು ಅವರಿಗೆ ಕಾಣುತ್ತಿರಲಿಲ್ಲ. ಬೆಳಗಾಯಿತೆಂದು ಬಳಿಯಲ್ಲಿದ್ದವರು ಹೇಳುತ್ತಿದ್ದರು, ಆಗ ಅವರು ಅದಾನ್ ಕೊಡುತ್ತಿದ್ದರು. ಕಣ್ಣು ಇನ್ನೊಬ್ಬರದು, ಕಂಠ ಅವರದು. ಆ ಕಂಠವನ್ನು ನಂಬಿ ಇಡೀ ಊರು ತನ್ನ ಉಪವಾಸವನ್ನು ಆರಂಭಿಸುತ್ತಿತ್ತು. ಪ್ರವಾದಿ(ಸ)ಯವರು ಮದೀನಾದಿಂದ ಹೊರಗೆ ಹೋದಾಗ ಒಂದಕ್ಕಿಂತ ಹೆಚ್ಚು ಬಾರಿ ಊರಿನ ಹೊಣೆಯನ್ನು ಅವರಿಗೇ ಒಪ್ಪಿಸಿದ್ದರು. ಪರೀಕ್ಷಾ ಕೊಠಡಿಯಲ್ಲಿ ಸಹಾಯಕರನ್ನು ಪಡೆಯುವುದು ಅವಮಾನವೆಂದು ಹೇಳುವ ಮನೆಗಳಲ್ಲಿ ನಾನು ಈ ಕಥೆಯನ್ನು ನೆನಪಿಸುತ್ತೇನೆ.

ಕಾನೂನು ಪರೀಕ್ಷೆಯ ಮೂರು ಗಂಟೆಗಳನ್ನು ಸುಲಭಗೊಳಿಸಬಹುದು. ಅದಕ್ಕೆ ಮೊದಲಿನ ಮೂರು ವರ್ಷಗಳು ತರಗತಿಯ ಕೈಯಲ್ಲಿವೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಕಿವಿ ಮಂದವಾದ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಹಲಗೆಗೆ ಮುಖಮಾಡಿಕೊಂಡು ಮಾತಾಡದೆ ಅದರ ಕಡೆ ತಿರುಗಿ ಮಾತಾಡಿದರೆ ಅರ್ಧ ಪಾಠ ತಲುಪುತ್ತದೆ. ಮಂದದೃಷ್ಟಿಯವರಿಗೆ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಬಹುದು. ಒಂದೆಡೆ ಕೂರಲಾಗದ ಹುಡುಗನಿಗೆ ಪುಸ್ತಕ ಹಂಚುವ ಕೆಲಸ ಕೊಟ್ಟರೆ ಅವನು ಎದ್ದು ಓಡಾಡುವುದಕ್ಕೆ ಒಂದು ಕಾರಣ ಸಿಗುತ್ತದೆ. ಓದಲು ಕಷ್ಟಪಡುವವರನ್ನು ಎಲ್ಲರೆದುರು ಓದಿಸದೆ, ಗೆಳೆಯನ ನೋಟ್ಸಿನ ಪ್ರತಿ ಕೊಡಿಸಿ, ಉತ್ತರವನ್ನು ಬಾಯಿಯಲ್ಲಿ ಕೇಳಬಹುದು. ನನ್ನ ಹುಡುಗನಿಗೆ ನಾವು ಮಾಡಿದ್ದೂ ಇಷ್ಟೇ. ಪಕ್ಕದಲ್ಲಿ ಕೂರುವ ಗೆಳೆಯ ಸಂಜೆ ಪಾಠ ಓದಿ ಹೇಳುತ್ತಿದ್ದ. ಇವನು ಕೇಳಿಸಿಕೊಂಡು ಅವನಿಗೇ ತಿರುಗಿ ವಿವರಿಸುತ್ತಿದ್ದ. ಆ ವರ್ಷ ಗೆಳೆಯನ ಅಂಕಗಳೂ ಏರಿದವು.

ಇನ್ನು ಹೆತ್ತವರ ಪಾಲಿನ ಕೆಲಸ. ಸಂಶಯ ಬಂದ ಕೂಡಲೇ, ಸಾಧ್ಯವಾದರೆ ಎಂಟನೆಯ ತರಗತಿಯಲ್ಲೇ, ಮುಖ್ಯೋಪಾಧ್ಯಾಯರೊಡನೆ ಮಾತಾಡಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಯ ಮೂಲಕ ಅವರನ್ನು ಕಾಣಬಹುದು. ತಪಾಸಣೆ ಮತ್ತು ಪ್ರಮಾಣಪತ್ರಕ್ಕೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಕಲಿಕೆಯ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಕಿವಿಯ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ. ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಭಾಷಾ ವಿನಾಯಿತಿ ಬೇಕೋ ಬೇಡವೋ ಎಂಬುದನ್ನು ಮಗು ಮುಂದೆ ಓದಲಿರುವ ಕೋರ್ಸನ್ನು ನೋಡಿಕೊಂಡು ಶಿಕ್ಷಕರೊಡನೆ ಕುಳಿತು ನಿರ್ಧರಿಸಿ. ಇವೆಲ್ಲ ಒಂದೆರಡು ದಿನದಲ್ಲಿ ಮುಗಿಯುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಓಡಿ ಬರುವವರಿಗೆ ಶಾಲೆಯು ಕೊಡಬಹುದಾದದ್ದು ಬಹಳ ಕಡಿಮೆ. ನಮ್ಮ ಮಸೀದಿ ಕಮಿಟಿಗಳು ವರ್ಷಕ್ಕೊಮ್ಮೆ ಜುಮಾದ ನಂತರ ಹತ್ತು ನಿಮಿಷ ಈ ಮಾಹಿತಿಗೆ ಕೊಟ್ಟರೂ ಎಷ್ಟೋ ಮನೆಗಳಿಗೆ ದಾರಿ ಕಾಣಬಹುದು.

ಆ ಹುಡುಗನ ತಂದೆ ಒಪ್ಪಲು ಐದು ತಿಂಗಳು ಹಿಡಿಯಿತು. ಒಪ್ಪಿದ ಮೇಲೆ ಆಸ್ಪತ್ರೆಗೆ ರಜೆ ಹಾಕಿ ಅಲೆದದ್ದೂ ಅವರೇ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವನು ಉತ್ತರ ಹೇಳಿದ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಬರೆದ. ಹೆಮ್ಮೆಪಡುವಂಥ ಅಂಕಗಳೇನೂ ಬರಲಿಲ್ಲ, ಆದರೆ ಪಾಸಾದ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ ಈಗ ದುಡಿಯುತ್ತಿದ್ದಾನೆ. ಗ್ಯಾರೇಜಿನ ಕೆಲಸವೇನೂ ಕೀಳಲ್ಲ. ಆದರೆ ತಾನು ದಡ್ಡನೆಂಬ ಭಾವನೆಯನ್ನು ಹೊತ್ತುಕೊಂಡು ಹೋಗುವುದಕ್ಕೂ ತಾನೇ ಆರಿಸಿಕೊಂಡು ಹೋಗುವುದಕ್ಕೂ ಬಹಳ ಅಂತರವಿದೆ.

ಈ ವರ್ಷ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ಅವಳಿಗೆ ಎರಡೂ ಕಿವಿ ಮಂದ. ಶ್ರವಣ ಸಾಧನವಿದೆ, ಆದರೆ ಅದು ಮನೆಯ ಕಪಾಟಿನಲ್ಲಿದೆ. “ನಾಳೆ ಸಂಬಂಧ ಕೇಳಿಕೊಂಡು ಬರುವವರು ಏನನ್ನುತ್ತಾರೆ ಟೀಚರೇ?” ಎಂದು ಅವಳ ಉಮ್ಮ ಕೇಳುತ್ತಾರೆ. ಆ ತಾಯಿಯ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ನಾವೆಲ್ಲರೂ ಸೇರಿ ಹುಟ್ಟಿಸಿದ ಭಯ. ಸೊಸೆಯನ್ನು ಹುಡುಕುವಾಗ ನಾವು ಆಡುವ ಮಾತುಗಳೇ ಆ ಸಾಧನವನ್ನು ಕಪಾಟಿನೊಳಗೆ ಇಟ್ಟಿವೆ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅಮಾನತ್ತನ್ನು ಕಾಪಾಡಬೇಕು, ಬಚ್ಚಿಡಬಾರದು. ಕಳೆದ ವಾರ ಅವಳ ಉಮ್ಮನನ್ನು ಮತ್ತೊಮ್ಮೆ ಶಾಲೆಗೆ ಕರೆದಿದ್ದೇನೆ. ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿದೆ. ಅವರು ಬರಲೆಂದು ದುಆ ಮಾಡಿ.